ಸಾಲಿಗ್ರಾಮದ ಸಮುದ್ರ

ಇದನ್ನು ಬರೆದುಬಿಡಬೇಕು ಎಂದು ಕುಳಿತಾಗಲೆಲ್ಲ ನನಗೆ ಬೇರೆ ಏನಾದರೂ ಕೆಲಸ ನೆನಪಾಗುತ್ತಿತ್ತು. ತೆಂಗಿನ ಸಸಿಗೆ ನೀರು ಬಿಟ್ಟೆನೋ ಇಲ್ಲವೋ, ಕರೆಂಟ್ ಬಿಲ್ಲಿಗೆ ಕೊನೆಯ ದಿನ ಯಾವುದು, ಕನ್ನಡಕ ಒರೆಸಿ ಎಷ್ಟು ಹೊತ್ತಾಯಿತು. ಹೀಗೆಯೇ ವರ್ಷಗಳು ಹೋದವು. ಅಷ್ಟು ವರ್ಷವೂ ನನ್ನ ಕನ್ನಡಕ ಮಾತ್ರ ಬಹಳ ಸ್ವಚ್ಛವಾಗಿತ್ತು.

ಹೋದ ತಿಂಗಳು ಅರಸೀಕೆರೆಯಲ್ಲೊಂದು ಮದುವೆ. ಹೊಸದಾಗಿ ಕಟ್ಟಿಸಿದ ಕಲ್ಯಾಣ ಮಂಟಪ. ಮೊದಲ ಪಂಕ್ತಿಯಲ್ಲಿ ನನಗೆ ಎಲೆ ಸಿಗಲಿಲ್ಲ. ಈ ವಯಸ್ಸಿನಲ್ಲಿ ನುಗ್ಗಿ ಹೋಗಿ ಕೂರುವ ಶಕ್ತಿಯಿಲ್ಲ, ನಾಚಿಕೆ ಇನ್ನೂ ಸ್ವಲ್ಪ ಇದೆ. ಆದ್ದರಿಂದ ಗೋಡೆಗೆ ಒರಗಿ ನೆಲ ನೋಡುತ್ತ ನಿಂತೆ. ರಾಜಸ್ಥಾನದಿಂದ ತರಿಸಿದ ಕಲ್ಲಂತೆ. ಹಳದಿ ಬಣ್ಣ, ಮುಖ ಕಾಣುವಂಥ ಪಾಲಿಶ್. ನೋಡುತ್ತ ನೋಡುತ್ತ ಅದರೊಳಗೆ ಚಕ್ಕುಲಿ ಒತ್ತಿಟ್ಟ ಹಾಗೆ ಒಂದು ಸುರುಳಿ ಕಂಡಿತು. ಪಕ್ಕದಲ್ಲಿ ಇನ್ನೊಂದು, ಅರ್ಧ ಮುರಿದದ್ದು. ಅವುಗಳ ಮೇಲೆ ಜನ ಚಪ್ಪಲಿ ಕಾಲಲ್ಲಿ ಓಡಾಡುತ್ತಿದ್ದರು. ನಾನು ಬೆಂಕಿ ತುಳಿದವನ ಹಾಗೆ ಕಾಲು ಹಿಂದಕ್ಕೆ ಎಳೆದುಕೊಂಡೆ.

"ಏನ್ ರಾಯರೇ, ಏನಾದ್ರೂ ಬಿತ್ತಾ?" ಎಂದು ಹೆಣ್ಣಿನ ಕಡೆಯವರೊಬ್ಬರು ಬಗ್ಗಿ ಹುಡುಕಲು ಹೊರಟರು.

"ಬಿದ್ದು ಬಹಳ ಕಾಲ ಆಯ್ತು ಬಿಡಿ," ಎಂದೆ.

ಅವರು ನಕ್ಕು ಹೋದರು. ವಯಸ್ಸಾದವರು ಏನಂದರೂ ಜನ ನಗುತ್ತಾರೆ, ಅದೊಂದು ಅನುಕೂಲ. ಆದರೆ ನನಗೆ ಎರಡನೆಯ ಪಂಕ್ತಿಯಲ್ಲಿ ಎಲೆ ಸಿಕ್ಕಿದರೂ ಊಟ ಇಳಿಯಲಿಲ್ಲ.

ನಮ್ಮ ಮನೆಯಲ್ಲಿ ಒಂದು ಸಾಲಿಗ್ರಾಮವಿತ್ತು. ಬೇಲೂರಿನಲ್ಲಿದ್ದ ನನ್ನ ತಾಯಿಯ ತಂದೆ ಕೊಟ್ಟದ್ದು. ಬೆಟ್ಟದ ನೆಲ್ಲಿಕಾಯಿಯ ಗಾತ್ರ, ಕಾಡಿಗೆಯಂಥ ಕಪ್ಪು. ಒಂದು ಬದಿಯಲ್ಲಿ ಸಣ್ಣ ಬಾಯಿ, ಅದರೊಳಗೆ ಹಲ್ಲುಹಲ್ಲಾದ ಸುರುಳಿ. ಆ ಸುರುಳಿಯೇ ವಿಷ್ಣುವಿನ ಚಕ್ರ. ತಾತ ಅದನ್ನು ನನ್ನ ಅಂಗೈಗೆ ಇಡುವಾಗ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನೋಡು ಪುಟ್ಟ, ಇವನು ಮನೆಗೆ ಬಂದ ಅಂದ್ರೆ ಮನೆ ಅಳಿಯ ಬಂದ ಹಾಗೆ ಕಣೋ. ಹೊತ್ತಿಗೆ ಸರಿಯಾಗಿ ಎಲೆ ಹಾಕಬೇಕು. ಮುನಿಸಿಕೊಂಡ ಅಂದ್ರೆ ಕಷ್ಟ."

ಈ ಅಳಿಯನ ಉಪಚಾರ ಹೇಗಿತ್ತೆಂದರೆ, ದಿನವೂ ಬೆಳಗಿನ ಜಾವ ಎದ್ದು, ಸ್ನಾನ ಮಾಡಿ, ಮಡಿಯಲ್ಲಿ ಹಿಂದಿನ ದಿನದ ತುಳಸಿ ತೆಗೆದು, ನೀರೆರೆದು, ಗಂಧ ಹಚ್ಚಿ, ಹೊಸ ತುಳಸಿ ಏರಿಸಿ, ಅನ್ನ ತೋರಿಸಬೇಕು. ಅದಾಗುವ ತನಕ ನಾನು ತೊಟ್ಟು ಕಾಫಿಯನ್ನೂ ಕುಡಿಯುವಂತಿಲ್ಲ. ಹೆಂಗಸರು ಮುಟ್ಟುವಂತಿಲ್ಲ. ಅವನನ್ನು ಉಪವಾಸ ಕೆಡವಿ ಮನೆಗೆ ಬೀಗ ಹಾಕುವಂತಿಲ್ಲ. ಎಲ್ಲಿಗಾದರೂ ಹೋಗಲೇಬೇಕಾದರೆ ಹಿತ್ತಾಳೆಯ ಡಬ್ಬಿಯಲ್ಲಿಟ್ಟು ಜೊತೆಗೇ ಒಯ್ಯಬೇಕು. ಒಮ್ಮೆ ಬಾಣಾವರದ ಬಸ್ಸಿನಲ್ಲಿ ಪಕ್ಕದವನು ಬಹಳ ಹೊತ್ತು ಆ ಡಬ್ಬಿಯನ್ನೇ ನೋಡಿ, "ಏನೈತೆ ಸ್ವಾಮಿ ಅದ್ರಾಗೆ, ಒಬ್ಬಟ್ಟಾ?" ಎಂದು ಕೇಳಿದ್ದ. ಅಲ್ಲ ಎಂದರೂ ನಂಬದೆ, ಇಳಿಯುವವರೆಗೂ ನನ್ನನ್ನು ಜಿಪುಣನ ಹಾಗೆ ನೋಡಿದ.

ನನ್ನ ಹೆಂಡತಿಗೆ ಸಮುದ್ರ ನೋಡಬೇಕೆಂಬ ಆಸೆ ಮದುವೆಯಾದ ಹೊಸತರಲ್ಲೇ ಹುಟ್ಟಿತ್ತು. "ಮಂಗಳೂರೇನು ಲಂಡನ್ನಾ? ಒಂದು ಸಲ ಹೋಗಿ ಬರೋಣ ರೀ," ಎನ್ನುತ್ತಿದ್ದಳು. ನಾನು ದೇವರ ಮನೆಯ ಕಡೆ ಕೈ ತೋರಿಸಿ, "ಲಾಡ್ಜಿನ ನಲ್ಲಿ ನೀರಲ್ಲಿ ಇವನಿಗೆ ಸ್ನಾನ ಮಾಡಿಸ್ಲಾ?" ಎನ್ನುತ್ತಿದ್ದೆ. ಅವಳು ಎದ್ದು ಅಡಿಗೆಮನೆಗೆ ಹೋಗುತ್ತಿದ್ದಳು. ಒಳಗೊಳಗೇ ನನಗೂ ಬೇಸರವಾಗಿತ್ತು. ಆದರೆ ದೇವರ ವಿಷಯದಲ್ಲಿ ಬೇಸರವೆಂಬ ಮಾತನ್ನು ನಾನು ನನಗೇ ಹೇಳಿಕೊಳ್ಳುತ್ತಿರಲಿಲ್ಲ.

ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದೆ. ತೊಂಬತ್ತರ ದಶಕದ ನಡುವೆ ಅಲ್ಲಿಗೆ ಹೊಸದಾಗಿ ಒಬ್ಬರು ವಿಜ್ಞಾನದ ಉಪಾಧ್ಯಾಯಿನಿ ಬಂದರು. ಮಾದಿಹಳ್ಳಿಯ ಕಡೆಯವರು, ಚಿಕ್ಕ ವಯಸ್ಸು, ಸದಾ ಹೆಗಲಿಗೊಂದು ಖಾದಿ ಚೀಲ. ನಾವೆಲ್ಲ ಅವರನ್ನು ಸೈನ್ಸ್ ಮೇಡಂ ಎನ್ನುತ್ತಿದ್ದೆವು. ಅವರ ತಂದೆ ಬುದ್ಧನ ದಾರಿ ಹಿಡಿದವರು, ಅದಕ್ಕೆ ಮೊದಲು ಆ ಮನೆಯವರನ್ನು ಊರು ಎಲ್ಲಿ ನಿಲ್ಲಿಸುತ್ತಿತ್ತು ಎನ್ನುವುದು ಅವರು ಸೇರಿದ ದಿನವೇ ಇಡೀ ಸ್ಟಾಫ್ ರೂಮಿಗೆ ತಿಳಿದುಹೋಯಿತು. ತಿಳಿಸಿದವನು ನಾನೇ. ಎಲ್ಲರ ಕಾಗದಪತ್ರಗಳೂ ಗುಮಾಸ್ತನ ಮೇಜಿನ ಮೇಲಿಂದಲೇ ಹೋಗಬೇಕಲ್ಲ.

ಆಗ ಮಕ್ಕಳಿಗೆಲ್ಲ ಡೈನೋಸಾರ್ ಹುಚ್ಚು. ಪೆನ್ಸಿಲ್ ಡಬ್ಬಿಯ ಮೇಲೆ, ಪುಸ್ತಕದ ರಟ್ಟಿನ ಮೇಲೆ, ಎಲ್ಲೆಲ್ಲೂ ಬಾಯಿ ತೆರೆದ ಡೈನೋಸಾರ್. ಮೇಡಂ ಆ ಹುಚ್ಚಿಗೆ ತುಪ್ಪ ಸುರಿದು, ಒಂದು ಭಾನುವಾರ ಮಕ್ಕಳನ್ನು ಹಳೇಬೀಡಿಗೆ ಪ್ರವಾಸ ಹೊರಡಿಸಿದರು. ಬಸ್ಸಿನ ಉಸ್ತುವಾರಿ ನನ್ನದು. ಬೆಳಗಿನ ಜಾವವೇ ಹೊರಡಬೇಕಾಗಿದ್ದರಿಂದ ಪೂಜೆಯಾಗಿರಲಿಲ್ಲ. ಡಬ್ಬಿ ಕಂಕುಳಲ್ಲಿ, ನೈವೇದ್ಯಕ್ಕೆಂದು ಹೆಂಡತಿ ಮಡಿಯಲ್ಲಿ ಕಲಸಿಕೊಟ್ಟ ಮೊಸರನ್ನ ಚೀಲದಲ್ಲಿ, ಹೊಟ್ಟೆ ಮಾತ್ರ ಖಾಲಿ.

ಹಳೇಬೀಡಿನ ದೇವಸ್ಥಾನದ ಮುಂದೆ ಮೇಡಂ ಮಕ್ಕಳನ್ನು ನಿಲ್ಲಿಸಿ, ಶಿಲ್ಪ ತೋರಿಸುವುದು ಬಿಟ್ಟು ಕಲ್ಲಿಗೆ ಕೈ ಹಚ್ಚಿದರು.

"ಈ ಬಳಪದ ಕಲ್ಲು ಯಾವಾಗ ಹುಟ್ಟಿದ್ದು ಹೇಳಿ?"

"ಹೊಯ್ಸಳರ ಕಾಲದಾಗೆ ಮಿಸ್!"

"ಅದು ಕೆತ್ತಿದ್ದು ಕಣೋ. ನಾನು ಕೇಳಿದ್ದು ಹುಟ್ಟಿದ್ದು. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಹುಟ್ಟಿದ ಕಲ್ಲು ಇದು. ಆಗ ಭೂಮಿ ಮೇಲೆ ಹುಲ್ಲಿಲ್ಲ, ಮೀನಿಲ್ಲ, ಕಣ್ಣಿಗೆ ಕಾಣೋವಂಥ ಒಂದು ಹುಳನೂ ಇಲ್ಲ."

"ಹಂಗಾದ್ರೆ ಇದ್ರೊಳಗೆ ಡೈನೋಸಾರ್ ಮೂಳೆ ಸಿಗಾಕಿಲ್ವಾ ಮಿಸ್?" ಎಂದು ಒಬ್ಬ ಬಹಳ ನಿರಾಸೆಯಿಂದ ಕೇಳಿದ.

"ಏನ್ಲಾ, ಹುಳನೇ ಇರ್ಲಿಲ್ಲ ಅಂದ್ರಲ್ಲ ಮಿಸ್ಸು, ಮೂಳೆ ಎಲ್ಲಿಂದ ಬತ್ತದೆ?" ಎಂದು ಪಕ್ಕದವನು ಅವನ ತಲೆಗೆ ಮೊಟಕಿದ.

"ಈ ಕಲ್ಲಿನ ಮುಂದೆ ಡೈನೋಸಾರ್ ಅಂದ್ರೆ ನಿನ್ನೆ ತೊಟ್ಟಿಲಿಗೆ ಹಾಕಿದ ಮಗು," ಎಂದರು ಮೇಡಂ.

ನಾನು ಚಿಕ್ಕಂದಿನಿಂದ ನೂರಾರು ಸಲ ನೋಡಿದ ಗೋಡೆ ಅದು. ಆನೆಯ ಸಾಲು, ಸಿಂಹದ ಸಾಲು, ಮಕರದ ಸಾಲು. ಹೊರಗೆ ಇಷ್ಟೊಂದು ಪ್ರಾಣಿ, ಒಳಗೆ ಒಂದೂ ಇಲ್ಲ ಎನ್ನುವುದು ಅವತ್ತೇ ತಿಳಿದದ್ದು. ಬಹಳ ಚೆನ್ನಾಗಿದೆಯಲ್ಲ ಈ ಮಾತು ಎಂದುಕೊಂಡೆ. ಆದರೆ ಹಸಿದವನಿಗೆ ಇನ್ನೂರೈವತ್ತು ಕೋಟಿ ವರ್ಷಕ್ಕಿಂತ ಇನ್ನರ್ಧ ಗಂಟೆ ದೊಡ್ಡದು.

ಊಟಕ್ಕೆ ಹತ್ತಿರದ ಹುಲಿಕೆರೆಗೆ ಹೋದೆವು. ಮಕ್ಕಳೆಲ್ಲ ಅಲ್ಲಿಯ ಹಳೆಯ ಕಲ್ಯಾಣಿಯ ಮೇಲೆ ನೆರಳಿನಲ್ಲಿ ಪುಳಿಯೋಗರೆ ಬಿಚ್ಚಿದರು. ನಾನು ಮೆಟ್ಟಿಲಿಳಿದು, ನೀರಿಗೆ ಮುಳುಗು ಹಾಕಿ, ಒದ್ದೆ ಪಂಚೆಯಲ್ಲೇ ಕುಳಿತು ಡಬ್ಬಿ ತೆರೆದೆ. ಹಿಂದಿನ ದಿನದ ತುಳಸಿಯನ್ನು ಬಾಳೆಲೆಯ ತುಂಡಿನ ಮೇಲೆ ತೆಗೆದಿಟ್ಟೆ. ಅದನ್ನು ಕಂಡಕಂಡಲ್ಲಿ ಎಸೆಯಬಾರದು, ಯಾರೂ ತುಳಿಯದ ಕಡೆ ಹಾಕಬೇಕು. ಹೊಸ ನೀರು, ಹೊಸ ಗಂಧ, ಹೊಸ ತುಳಸಿ, ಮೊಸರನ್ನ. ಇನ್ನೇನು ಡಬ್ಬಿಗೆ ಇಡಬೇಕು, ಅಷ್ಟರಲ್ಲಿ ಮೇಡಂ ನಾಲ್ಕಾರು ಮಕ್ಕಳೊಂದಿಗೆ ಇಳಿದು ಬಂದರು. ಸಾಲಿಗ್ರಾಮದ ಬಾಯಿಯೊಳಗಿನ ಸುರುಳಿ ಕಂಡು ಅವರ ಮುಖ ಅರಳಿತು.

"ರಾಯರೇ, ತಪ್ಪು ತಿಳೀಬೇಡಿ. ಒಂದು ನಿಮಿಷ ಕೊಡ್ತೀರಾ? ಹುಡುಗರಿಗೆ ತೋರಿಸಿ ಕೊಟ್ಟುಬಿಡ್ತೀನಿ," ಎಂದು ಕೈ ಚಾಚಿದರು.

ನಾನು ಕೈ ಹಿಂದಕ್ಕೆಳೆದುಕೊಂಡೆ. "ಮುಟ್ಟೋ ಹಾಗಿಲ್ಲಮ್ಮ. ದೂರದಿಂದ ನೋಡಿ."

ಅವರ ಕೈ ಗಳಿಗೆ ಹೊತ್ತು ಗಾಳಿಯಲ್ಲೇ ಇದ್ದು, ಆಮೇಲೆ ಸೆರಗು ಸರಿಮಾಡಿಕೊಂಡಿತು. ಎರಡು ಮೆಟ್ಟಿಲು ಹಿಂದೆ ಸರಿದು ನಿಂತು ಮಕ್ಕಳಿಗೆ ಹೇಳಿದರು: "ನೋಡಿ, ಇದೊಂದು ಪ್ರಾಣಿ. ಅಮ್ಮೊನೈಟ್ ಅಂತಾರೆ. ಸುರುಳಿ ಚಿಪ್ಪಿನೊಳಗೆ ಮೈ ಮುದುಡಿಕೊಂಡು ಸಮುದ್ರದಲ್ಲಿ ಈಜಾಡ್ತಿತ್ತು. ಡೈನೋಸಾರ್ ಇದ್ದಾಗ ಇದೂ ಇತ್ತು, ಅವು ಹೋದಾಗ ಇದೂ ಹೋಯ್ತು."

"ಯಾವ ಸಮುದ್ರ ಮಿಸ್?"

"ಈಗ ಹಿಮಾಲಯ ಇದೆಯಲ್ಲ, ಅಲ್ಲಿದ್ದ ಸಮುದ್ರ."

ಮಕ್ಕಳು ಗೊಳ್ಳೆಂದರು.

"ನಗಬೇಡ್ರೋ. ನಮ್ಮ ದೇಶ ಆಗ ಆ ಸಮುದ್ರದ ಈಚೆ ದಡದಲ್ಲಿ ದೂರ ಇತ್ತು. ಮೆಲ್ಲಗೆ ಸರೀತಾ ಸರೀತಾ ಹೋಗಿ ಏಷ್ಯಾಕ್ಕೆ ಡಿಕ್ಕಿ ಹೊಡೀತು."

"ಬಸ್ಸು ಡಿಕ್ಕಿ ಹೊಡೆದಂಗಾ?"

"ಹೂಂ. ಆದ್ರೆ ಬ್ರೇಕಿಲ್ಲ, ಇನ್ನೂ ತಳ್ತಾನೇ ಇದೆ. ನಡುವೆ ಸಿಕ್ಕಿದ ಸಮುದ್ರದ ಕೆಸರೆಲ್ಲ ಎದ್ದು ಬೆಟ್ಟ ಆಯ್ತು. ಆ ಬೆಟ್ಟ ಕೊರೆದು ಗಂಡಕಿ ನದಿ ಈ ಚಿಪ್ಪಿನ ಕಲ್ಲುಗಳನ್ನ ಹೊರಗೆ ತಂತು. ಅಲ್ಲಿಂದ ನಮ್ಮ ರಾಯರ ಅಂಗೈಗೆ ಬಂತು."

"ಹಂಗಾದ್ರೆ ದೇವ್ರಿಗೆ ಜೀವ ಇತ್ತಾ ಮಿಸ್?" ಎಂದಳು ಒಂದು ಹುಡುಗಿ.

ಮೇಡಂ ನನ್ನ ಕಡೆ ನೋಡಿ ನಕ್ಕರು. "ಇತ್ತು. ರಾಯರು ಅದನ್ನೇ ಮೊದಲಿಂದ ಹೇಳ್ತಿದ್ದಾರೆ, ನಾವೇ ಕೇಳಿಸಿಕೊಂಡಿರಲಿಲ್ಲ."

ದೇವರನ್ನು ಹುಳು ಮಾಡಿದರಲ್ಲ ಎಂದು ಸಿಟ್ಟು ಒಂದು ಕಡೆ, ಆ ಮಕ್ಕಳು ಕಣ್ಣು ಬಿಟ್ಟು ನೋಡುತ್ತಿದ್ದ ಪರಿಗೆ ಹೆಮ್ಮೆ ಇನ್ನೊಂದು ಕಡೆ. ಎಲ್ಲಕ್ಕಿಂತ ಹೆಚ್ಚಾಗಿ ಎದುರಿಗೆ ಮೊಸರನ್ನ. ಅಷ್ಟರಲ್ಲಿ ಡ್ರೈವರ್ ಹಾರನ್ ಒತ್ತಿದ. ಗಡಿಬಿಡಿಯಲ್ಲಿ ಮಾಡಿದ್ದನ್ನೆಲ್ಲ ಮಾಡಿ, ಮೊಸರನ್ನ ತಿಂದು, ಡಬ್ಬಿ ಮುಚ್ಚಿಕೊಂಡು ಬಸ್ಸು ಹತ್ತಿದೆ.

ಸಂಜೆ ಮನೆಗೆ ಬಂದು ಡಬ್ಬಿ ತೆರೆದರೆ ಸಾಲಿಗ್ರಾಮವಿಲ್ಲ.

ಹೆಂಡತಿ ಅಳುವುದಕ್ಕೇ ಕುಳಿತಳು. ನಾನು ಹೆಡ್‌ಮಾಸ್ಟರ ಮನೆಗೆ ಓಡಿದೆ. ಅವರು, "ಹತ್ತಿರ ಯಾರು ಬಂದಿದ್ರು?" ಎಂದು ಕೇಳಿದರು.

"ಸೈನ್ಸ್ ಮೇಡಂ ಬಂದಿದ್ರು ಸಾರ್. ಕೈಯನ್ನೂ ಚಾಚಿದ್ರು," ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. "ಅವರ ಜನಕ್ಕೇನು ಸಾರ್, ದೇವರೂ ಒಂದೇ, ಕಲ್ಲೂ ಒಂದೇ," ಎಂದೆ. ಬೇರೆ ಯಾವ ಉಪಾಧ್ಯಾಯರು ಕೈ ಚಾಚಿದ್ದರೂ ನನಗೆ ಆ ಅನುಮಾನ ಹುಟ್ಟುತ್ತಿರಲಿಲ್ಲ. ಇದನ್ನು ಬರೆಯುವುದಕ್ಕೇ ಇಷ್ಟು ವರ್ಷ ಬೇಕಾಯಿತು.

ಸೋಮವಾರ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದಾಗ ಹೆಡ್‌ಮಾಸ್ಟರು ಬಹಳ ಮೆತ್ತಗೆ, "ಚೀಲ ಒಂದು ಸಲ ತೋರಿಸಿಬಿಡೀಮ್ಮ, ಎಲ್ಲರಿಗೂ ಸಮಾಧಾನ," ಎಂದರು. ಮೇಡಂ ನನ್ನ ಕಡೆ ತಿರುಗಿದರು.

"ರಾಯರೇ, ನೀವೂ ಹಾಗೇ ಅಂದ್ಕೊಂಡಿದ್ದೀರಾ?"

ನಾನು ಗೋಡೆ ಗಡಿಯಾರ ನೋಡಿದೆ.

ಅವರು ಚೀಲವನ್ನು ಮೇಜಿನ ಮೇಲೆ ತಲೆಕೆಳಗು ಮಾಡಿದರು. ಬಿದ್ದವೆಲ್ಲ ಕಲ್ಲುಗಳು. ಬಳಪದ ಕಲ್ಲು, ಬೆಣಚು ಕಲ್ಲು, ಹೊಳೆಯುವ ಕಾಗೆಬಂಗಾರ, ಒಂದೊಂದನ್ನೂ ನ್ಯೂಸ್ ಪೇಪರಿನಲ್ಲಿ ಸುತ್ತಿಟ್ಟಿದ್ದರು. ಪಾಠದ ದಿನ ಮಕ್ಕಳಿಗೆ ತೋರಿಸಲೆಂದು ಕೂಡಿಸಿಕೊಂಡವು. ಒಂದು ಪೊಟ್ಟಣ ಉರುಳಿ ನೆಲಕ್ಕೆ ಬಿದ್ದು, ಒಳಗಿನ ಪದರದ ಕಲ್ಲು ಚೂರಾಯಿತು. ಉಳಿದವನ್ನು ಒಬ್ಬೊಬ್ಬರೇ ಬಿಚ್ಚಿ ನೋಡಿದರು. ಸಾಲಿಗ್ರಾಮವಿರಲಿಲ್ಲ. "ಮನೇಲಿ ಇಟ್ಟು ಬಂದಿರಬೌದು," ಎಂದು ಹಿಂದಿನಿಂದ ಯಾರೋ ಗೊಣಗಿದರು. ಆ ಗೊಣಗು ಆ ಶಾಲೆಯಲ್ಲಿ ಉಳಿದುಕೊಂಡುಬಿಟ್ಟಿತು. ಮೇಡಂ ಕಲ್ಲುಗಳನ್ನು ಮತ್ತೆ ಒಂದೊಂದಾಗಿ ಪೇಪರಿನಲ್ಲಿ ಸುತ್ತಿ, ಗಂಟೆ ಹೊಡೆದ ಮೇಲೆ ಪಾಠಕ್ಕೆ ಹೋದರು. ಚೂರುಗಳನ್ನು ನಾನು ಜವಾನನಿಗೆ ಹೇಳಿ ಗುಡಿಸಿಹಾಕಿಸಿದೆ.

ಮಾರನೆಯ ದಿನ ಅಭ್ಯಾಸಬಲದಿಂದ ಬೆಳಗಿನ ಜಾವವೇ ಎಚ್ಚರವಾಯಿತು. ಸ್ನಾನ ಮಾಡಿ ಖಾಲಿ ಡಬ್ಬಿಯ ಮುಂದೆ ಕುಳಿತೆ. ಕೈಗಳು ಸುಮ್ಮನಿರಲಾರದೆ ತಮ್ಮ ಕೆಲಸವನ್ನು ಗಾಳಿಯಲ್ಲೇ ಮಾಡತೊಡಗಿದವು. ತುಳಸಿ ತೆಗೆಯುವುದು, ನೀರೆರೆಯುವುದು, ಡಬ್ಬಿಯ ಒದ್ದೆ ಒರೆಸುವುದು. ಅಲ್ಲಿಗೆ ಬಂದು ನಿಂತವು. ಹುಲಿಕೆರೆಯಲ್ಲಿ ಡಬ್ಬಿ ಒರೆಸಲು ನನಗೆ ಎರಡೂ ಕೈ ಬೇಕಾಗಿತ್ತು. ಸಾಲಿಗ್ರಾಮವನ್ನು ಅದರ ಹೊಸ ತುಳಸಿಯ ಸಮೇತ ಬಾಳೆಲೆಯ ತುಂಡಿನ ಮೇಲೆ, ಹಳೆಯ ತುಳಸಿಯ ಪಕ್ಕದಲ್ಲೇ ಇಟ್ಟಿದ್ದೆ. ಹಾರನ್ ಆಯಿತು. ಎಲೆ ಮಡಿಸಿದೆ. ಯಾರೂ ತುಳಿಯಬಾರದೆಂದು ನಡುನೀರಿಗೆ ಎಸೆದೆ. ಎಲೆ ಬಿದ್ದದ್ದಕ್ಕೆ ತುಸು ಜೋರಾಗಿಯೇ ಸದ್ದಾಗಿತ್ತು. ಕಪ್ಪೆ ಇರಬೇಕು ಎಂದುಕೊಂಡು ಮೊಸರನ್ನಕ್ಕೆ ಕೈ ಹಾಕಿದ್ದೆ.

ಆ ಬೆಳಿಗ್ಗೆಯೇ ಹೋಗಿ ಹೇಳಬಹುದಾಗಿತ್ತು. ಎಲ್ಲರ ಮುಂದೆ ಹೇಗೆ ಹೇಳಲಿ ಎಂಬ ನಾಚಿಕೆ ಮೊದಲ ದಿನ. ನಾಚಿಕೆ ಎರಡು ಮೂರು ದಿನಕ್ಕೆ ತೆಳ್ಳಗಾಗುವ ಪದಾರ್ಥ. ಆಮೇಲೂ ಹೇಳದೆ ಇದ್ದದ್ದಕ್ಕೆ ಕಾರಣ ಬೇರೆ. ಆ ವಾರದ ಕೊನೆಗೆ ಒಂದು ದಿನ ನಾನು ಬೆಳಿಗ್ಗೆ ಬಿಸಿಲು ಮುಖಕ್ಕೆ ಬೀಳುವ ತನಕ ನಿದ್ದೆ ಮಾಡಿದೆ. ಹಲ್ಲುಜ್ಜಿ ನೇರವಾಗಿ ಬಿಸಿ ಕಾಫಿ ಕುಡಿದೆ. ಹಾಯೆನಿಸಿತು. ಕಲ್ಯಾಣಿಯಲ್ಲಿ ಹುಡುಕಿಸಿದರೆ ಎಲ್ಲಿ ಸಿಕ್ಕಿಬಿಡುತ್ತಾನೋ ಎಂದು ಹೆದರಿ ಸುಮ್ಮನಿದ್ದೆ. ನಿಜ ಇಷ್ಟೇ. ನನ್ನ ಹೆಗಲ ಭಾರ ಇಳಿದಿತ್ತು, ಅದು ಇಳಿದು ಹೋಗಿ ಕೂತದ್ದು ಆ ಹೆಣ್ಣುಮಗಳ ಹೆಗಲ ಮೇಲೆ.

ಬೇಸಿಗೆ ರಜೆಯಲ್ಲಿ ಹೆಂಡತಿಯನ್ನು ಕರೆದುಕೊಂಡು ಮಂಗಳೂರಿಗೆ ಹೋದೆ. ಅವಳು ಸೀರೆ ಎತ್ತಿ ಹಿಡಿದುಕೊಂಡು ಅಲೆಗೆ ಹೆದರಿ ಓಡುತ್ತ, ಮತ್ತೆ ಮುಂದೆ ಹೋಗುತ್ತ, ಚಿಕ್ಕ ಹುಡುಗಿಯ ಹಾಗೆ ಸೆರಗು ತುಂಬ ಚಿಪ್ಪು ಆರಿಸಿದಳು. "ಇದು ನೋಡಿ ರೀ, ನಮ್ಮ ದೇವರ ಸುರುಳಿಯಂಥದ್ದೇ," ಎಂದು ಒಂದು ಶಂಖದ ಹುಳುವಿನ ಚಿಪ್ಪನ್ನು ತಂದು ತೋರಿಸಿದಳು. ಒಳಗೆ ಇನ್ನೂ ಜೀವವಿತ್ತು, ಮೆಲ್ಲಗೆ ಕೊಂಬು ಆಡಿಸಿತು. ಅವಳು ಕೂಗಿಕೊಂಡು ನೀರಿಗೆ ಬಿಟ್ಟಳು. ಹಿಮಾಲಯವಿದ್ದ ಕಡೆ ಇದ್ದ ಸಮುದ್ರ ಹೇಗಿದ್ದಿರಬಹುದು ಎಂದು ನಾನು ಮರಳಿನ ಮೇಲೆ ಕುಳಿತು ಯೋಚಿಸಿದೆ. ಅದನ್ನು ನನಗೆ ಕಲಿಸಿದವರು ಆ ಶಾಲಾ ವರ್ಷದ ಕೊನೆಗೇ ಕೆಲಸ ಬಿಟ್ಟು ಹೋಗಿದ್ದರು. ಹೋಗುವ ದಿನವೂ, "ಬರ್ತೀನಿ ರಾಯರೇ," ಎಂದು ಹೇಳಿಯೇ ಹೋಗಿದ್ದರು.

ಅವರ ಬದುಕು ನನ್ನಿಂದ ಹಾಳಾಯಿತೇನೋ ಎಂಬ ಹೆದರಿಕೆ ಬಹಳ ವರ್ಷ ಕಾಡಿತು. ನಿವೃತ್ತನಾದ ಮೇಲೆ ಒಮ್ಮೆ ಬಾಣಾವರದ ಸ್ಟೇಷನ್ನಿನಲ್ಲಿ ಅರಸೀಕೆರೆಯ ರೈಲಿಗೆ ಕಾಯುತ್ತಿದ್ದೆ. ಪ್ಲಾಟ್‌ಫಾರಂ ತುಂಬ ಸಮವಸ್ತ್ರದ ಮಕ್ಕಳು, ನಡುವೆ ನರೆತ ಕೂದಲಿನ ಒಬ್ಬ ಹೆಂಗಸು ಎಣಿಕೆ ತಪ್ಪಿಸಿಕೊಂಡು ಗದರುತ್ತ, ನಗುತ್ತ ನಿಂತಿದ್ದರು. ನಾನು ಪತ್ರಿಕೆ ಅಡ್ಡ ಹಿಡಿದೆ. ಆದರೂ ಅವರು ಬಂದರು.

"ರಾಯರಲ್ವಾ? ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೀನಮ್ಮ. ನೀವು?"

"ಈಗ ನಾನೇ ಹೆಡ್‌ಮಿಸ್ಟ್ರೆಸ್ಸು. ಈ ಕಪಿಗಳನ್ನ ಹಳೇಬೀಡಿಗೆ ಕರ್ಕೊಂಡು ಹೋಗಿದ್ದೆ." ಅವರ ಕಣ್ಣಲ್ಲಿ ಸಿಟ್ಟಿಗಾಗಿ ಹುಡುಕಿದೆ, ಕಾಣಲಿಲ್ಲ. ಎದೆಯ ಮೇಲಿಂದ ಒಂದು ಚಪ್ಪಡಿ ಸರಿದ ಹಾಗಾಯಿತು. "ಅದು ಸಿಕ್ಕಿತಾ ಕೊನೆಗೆ, ನಿಮ್ಮ ಸಾಲಿಗ್ರಾಮ?"

"ಇಲ್ಲ," ಎಂದೆ.

"ಛೆ! ಅಂಥ ಸುರುಳಿ ನಾನು ಮತ್ತೆಲ್ಲೂ ನೋಡಲಿಲ್ಲ ರಾಯರೇ," ಎಂದು ನಿಜವಾಗಿಯೂ ನೊಂದುಕೊಂಡರು. ಆಮೇಲೆ ಹಳಿಗಳ ಕಡೆ ನೋಡುತ್ತ, "ಅವತ್ತು ಚೂರಾಯ್ತಲ್ಲ, ಆ ಕಲ್ಲು ನಮ್ಮಪ್ಪ ಬಾವಿ ತೋಡುವಾಗ ಸಿಕ್ಕಿದ್ದು. ನಾನು ಬಿ.ಎಸ್ಸಿ. ಮುಗಿಸಿದ ದಿನ ತೊಳೆದು ಕೊಟ್ಟಿದ್ರು. ಚೂರುಗಳನ್ನಾದ್ರೂ ಆರಿಸ್ಕೋಬೇಕಿತ್ತು, ಪಾಠ ಮುಗಿಸಿ ಬರೋದ್ರೊಳಗೆ ಯಾರೋ ಗುಡಿಸಿಬಿಟ್ಟಿದ್ರು," ಎಂದರು.

ನನ್ನ ಬಾಯಿ ತೆರೆಯಿತು. ರೈಲು ಬಂತು. ಅವರು ಮಕ್ಕಳ ಹಿಂದೆ ಓಡಿದರು. ನಾನು ಬೇಕೆಂದೇ ಬೇರೆ ಬೋಗಿ ಹತ್ತಿದೆ.

ಮದುವೆಯಿಂದ ಬಂದ ಸಂಜೆ ಇದಿಷ್ಟನ್ನೂ ಹೆಂಡತಿಗೆ ಹೇಳಿದೆ. ಅವಳು ಹುರಳಿಕಾಯಿ ಮುರಿಯುತ್ತಿದ್ದಳು. ಕೇಳುತ್ತ ಕೇಳುತ್ತ ಕೈ ನಿಂತಿತು.

"ನನ್ನ ಬೆರಳು ಸೋಕಬಾರದು ಅಂತ ಅಷ್ಟು ವರ್ಷ ಕುಣಿದ್ರಿ. ಕೊನೆಗೆ ಮೊಸರನ್ನದ ಅವಸರಕ್ಕೆ ನೀವೇ ಎತ್ತಿ ಕಲ್ಯಾಣಿಗೆ ಎಸೆದ್ರಾ?" ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನನಗೂ ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಷ್ಟು ಹಗುರ ನಾನು ಆ ಮೊದಲ ಕಾಫಿಯ ದಿನವೂ ಆಗಿರಲಿಲ್ಲ. ಹೇಳಿದರೆ ಮುಗಿಯುತ್ತದೆ, ಇಷ್ಟು ಸುಲಭ ಎಂದು ಗೊತ್ತಿದ್ದರೆ ಎಂದೋ ಹೇಳುತ್ತಿದ್ದೆ ಎನಿಸಿತು.

ಅವಳ ನಗು ನನಗಿಂತ ಮೊದಲು ನಿಂತಿತು.

"ಆ ಹುಡುಗಿಗೆ ಹೇಳಿದ್ರಾ?"

"ಇಲ್ಲ."

"ಸ್ಟೇಷನ್ನಲ್ಲಿ ಸಿಕ್ಕಿದಾಗ?"

"ರೈಲು ಬಂತು."

"ಅದಕ್ಕೂ ನಿಮಗೂ ಮೊದಲೇ ಮಾತಾಗಿತ್ತು ಅನ್ನಿ." ಮತ್ತೊಂದು ಹುರಳಿಕಾಯಿ ಮುರಿದಳು. "ಹೆಸರೇನು ಅವಳದ್ದು?"

"ಸೈನ್ಸ್ ಮೇಡಂ ಅಂತ..."

"ಅದು ಕೆಲಸ. ನಾನು ಕೇಳಿದ್ದು ಹೆಸರು."

ತಿಂಗಳು ತಿಂಗಳೂ ಸಂಬಳದ ಪಟ್ಟಿಯಲ್ಲಿ ನನ್ನ ಕೈಯಾರೆ ಬರೆಯುತ್ತಿದ್ದ ಹೆಸರು. ಬಾಯಿಂದ ಮಾತ್ರ ಒಮ್ಮೆಯೂ ಕರೆದಿರಲಿಲ್ಲ.

"ಎಲ್ಲರ ಮುಂದೆ ಚೀಲ ಬಿಚ್ಚಿಸಿದ್ದನ್ನ ಅಡಿಗೆಮನೇಲಿ ನನ್ನೊಬ್ಬಳ ಮುಂದೆ ಒಪ್ಪಿಕೊಂಡ್ರೆ ಹೇಗೆ ರೀ ಸರಿಹೋಗುತ್ತೆ?" ಎಂದಳು. ಬೈಯಲಿಲ್ಲ. ಲೆಕ್ಕ ತಪ್ಪಿದ ಮಗುವಿಗೆ ತಿದ್ದಿ ಹೇಳುವಂತೆ ಹೇಳಿದಳು.

ಆದ್ದರಿಂದ ಎಲ್ಲರ ಮುಂದೆ ಹೇಳುತ್ತಿದ್ದೇನೆ. ಸಾಲಿಗ್ರಾಮವನ್ನು ನೀರಿಗೆ ಹಾಕಿದವನು ನಾನು. ಚೀಲ ಬಿಚ್ಚಿಸಿದ ಮಾರನೆಯ ದಿನವೇ ಅದು ನನಗೆ ಗೊತ್ತಾಗಿತ್ತು. ಆ ಚೀಲದಲ್ಲಿದ್ದವು ಅವರದೇ ಕಲ್ಲುಗಳು, ಚೂರುಗಳನ್ನು ಗುಡಿಸಿಹಾಕಿಸಿದವನೂ ನಾನೇ. ಮಾದಿಹಳ್ಳಿಯ ದೊಡ್ಡಯ್ಯನವರ ಮಗಳು ಅವರು. ಅವರ ಹೆಸರು ಗೌತಮಿ.